ನಾನು ಬೆಳೀದೇ ಇರೋ 28 ಕ್ವಿಂಟಾಲ್ ಅರಿಶಿನ ನನ್ನ ಹೆಸರಲ್ಲಿ ಎಲ್ಲಿಂದ ಬಂತು?

ಮ್ಯಾನೇಜರ್ ಸಾಹೇಬ್ರಿಗೆ ನಮಸ್ಕಾರ.

ವಿಷಯ: ನಿಮ್ಮ ಸಾವಯವ ರೈತರ ಗುಂಪಿನ ದಾಖಲೇಲಿ ನನ್ನ ಹೆಸರಿಗೆ ಸುಳ್ಳು ಇಳುವರಿ ಬರ್ದಿರೋದು, ಬಾಕಿ ದುಡ್ಡು ಕೊಡ್ದೇ ಇರೋದು, ಗುಂಪಿಂದ ಬಿಡುಗಡೆ ಪತ್ರ ಕೊಡಕ್ಕೆ ಸತಾಯಿಸ್ತಿರೋದು.

ನಾನು ಗುಂಡ್ಲುಪೇಟೆ ತಾಲ್ಲೂಕಿನ ರೈತ, ನಿಮ್ಮ ಗುಂಪಲ್ಲಿ ಸಾವಯವಕ್ಕೆ ಬದಲಾಗೋ ಹಂತಗಳಾದ ಸಿ-1, ಸಿ-2, ಸಿ-3 ಎಲ್ಲಾ ಮುಗ್ಸಿ ಈಗ ಪೂರ್ತಿ ಆರ್ಗ್ಯಾನಿಕ್ ಅಂತ ಲಿಸ್ಟಲ್ಲಿ ಇರೋನು. ಈ ವಿಷಯ ಫೋನಲ್ಲೇ ಮುಗೀಬೋದಿತ್ತು. ಆದ್ರೆ ಫೀಲ್ಡ್ ಆಫೀಸರ್‌ಗೆ ಕೇಳಿದ್ರೆ ಅದು ಆಫೀಸ್ ಲೆವೆಲ್ಲಿಂದು ಸಾರ್ ಅಂತಾರೆ, ಆಫೀಸಿಗೆ ಮಾಡಿದ್ರೆ ನಿಮ್ಮ ಫೀಲ್ಡ್ ಆಫೀಸರನ್ನೇ ಕೇಳಿ ಅಂತಾರೆ, ಅದಕ್ಕೆ ಬರವಣಿಗೇಲೇ ಕೊಡ್ತಾ ಇದೀನಿ.

ಈ ಸಲ ಸರ್ಟಿಫಿಕೇಶನ್ ಸಂಸ್ಥೆಯಿಂದ ಇನ್‌ಸ್ಪೆಕ್ಟರ್ ನಮ್ಮ ಹೊಲಕ್ಕೆ ಬಂದಿದ್ರು. ಗುಂಪಿನ ಸರ್ಟಿಫಿಕೇಟ್ ಆದ್ರೆ ಅವ್ರು ಎಲ್ಲಾ ರೈತರ ಹೊಲಕ್ಕೂ ಹೋಗಲ್ಲ, ಕೆಲವ್ರನ್ನ ಆರಿಸ್ಕೊಂಡು ನೋಡ್ತಾರೆ, ಉಳ್ದಿದ್ದೆಲ್ಲ ನಿಮ್ಮ ಐಸಿಎಸ್‌ನೋರು (ಗುಂಪಿನ ಒಳಗಿನ ನಿಯಂತ್ರಣ ವ್ಯವಸ್ಥೆಯೋರು) ಮಾಡೋ ಒಳಗಿನ ತಪಾಸಣೆ ಮೇಲೇ ನಡೆಯುತ್ತೆ. ಈ ವರ್ಷ ನನ್ನ ಹೆಸರು ಬಂತು. ಬರ್ದೇ ಇದ್ದಿದ್ರೆ ಈ ಕತೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅವತ್ತು ಅರಿಶಿನ ಬೇಯ್ಸಿ ಒಣಗ್ಸಿದ್ದಾಗಿತ್ತು, ಪಾಲಿಶ್ ಡ್ರಮ್ ತಿರುಗ್ತಾ ಇತ್ತು, ಆ ಸದ್ದಲ್ಲಿ ಇನ್‌ಸ್ಪೆಕ್ಟರ್ ನನ್ನ ಕೇಳಿದ ಪ್ರಶ್ನೆಗೆಲ್ಲ ನಿಮ್ಮ ಫೀಲ್ಡ್ ಆಫೀಸರೇ ನನ್ನ ಹೊಲದ ಲೆಕ್ಕ ಬರೆಯೋ ಡೈರಿ ನೋಡ್ಕೊಂಡು ಉತ್ರ ಕೊಡ್ತಿದ್ರು. ಆಮೇಲೆ ಇನ್‌ಸ್ಪೆಕ್ಟರ್ "ಇನ್ನೊಂದು ಎಕರೆ ಅರಿಶಿನ ಎಲ್ಲಿ?" ಅಂದ್ರು. ನಿಮ್ಮೋರು ರೋಡ್ ಪಕ್ಕದ ಹೊಲ ತೋರ್ಸಿ ಅದು ಆಗ್ಲೇ ಕಿತ್ತಾಯ್ತು ಸಾರ್ ಅಂದ್ಬಿಟ್ರು. ಅಲ್ಲಿ ರಾಗಿ ಕೂಳೆ ನಿಂತಿದೆ ಸ್ವಾಮಿ! ಅರಿಶಿನ ಕಿತ್ತ ಹೊಲ ಅಂದ್ರೆ ಮಣ್ಣೆಲ್ಲ ಅಗೆದು ಉಲ್ಟಾ ಆಗಿರುತ್ತೆ, ಇಲ್ಲಿ ನೋಡಿದ್ರೆ ಸಾಲಾಗಿ ಕೂಳೆ. ನಾನು ಅಲ್ಲೇ ಹೇಳ್ದೆ ಇದು ರಾಗಿ ಅಂತ. ಇನ್‌ಸ್ಪೆಕ್ಟರ್ ಅದನ್ನ ಬರ್ಕೊಂಡ್ರೋ ಇಲ್ವೋ ನಂಗೆ ಗೊತ್ತಿಲ್ಲ, ನಿಮ್ಮ ಫೀಲ್ಡ್ ಆಫೀಸರ್ ಮುಖ ಮಾತ್ರ ನೋಡೋ ಹಂಗಿರ್ಲಿಲ್ಲ.

ಅವ್ರು ಊಟಕ್ಕೆ ಕೂತಾಗ ಡೈರಿ ನನ್ನ ಮಗಳ ಕೈಗೆ ಸಿಕ್ತು, ಅವ್ಳು ಪೂರ್ತಿ ಓದಿ ಫೋಟೋ ತಕ್ಕೊಂಡ್ಳು. ಅದ್ರಲ್ಲಿ ಏನಿದೆ ಅಂದ್ರೆ, ಅರಿಶಿನ ಎರಡು ಎಕರೆ, ಒಣ ಅರಿಶಿನ 42 ಕ್ವಿಂಟಾಲ್. ನಾನು ಹಾಕಿದ್ದು ಒಂದೇ ಎಕರೆ, ನಂಗೆ ಆಗಿದ್ದು 14 ಕ್ವಿಂಟಾಲ್. ನಮ್ಮ ಕಡೆ ಅರಿಶಿನ ಬೆಳೆಯೋನು ಯಾವನಾದ್ರೂ ಹೇಳ್ತಾನೆ, ಹಸಿ ಐದು ಕ್ವಿಂಟಾಲ್ ಬೇಯ್ಸಿ ಒಣಗ್ಸಿದ್ರೆ ಒಂದು ಕ್ವಿಂಟಾಲ್ ಉಳಿಯುತ್ತೆ ಅಷ್ಟೆ, ಹಂಗಾದ್ರೆ ನಿಮ್ಮ ಡೈರಿ ಪ್ರಕಾರ ನಾನು 210 ಕ್ವಿಂಟಾಲ್ ಹಸಿ ಗೆಡ್ಡೆ ಅಗೆದಿರ್ಬೇಕು, ಅಷ್ಟು ಬೇಯ್ಸಕ್ಕೆ ಸೌದೆ ಎಲ್ಲಿಂದ ತಂದೆ ಅಂತ ನಿಮ್ಮೋರು ಒಂದ್ಸಲನಾದ್ರೂ ಯೋಚ್ನೆ ಮಾಡ್ಬೇಡ್ವಾ. ಅದೂ ಅಲ್ದೆ ಆ ರೋಡ್ ಪಕ್ಕದ ಎಕರೇಲಿ ಹೋದ್ವರ್ಷ ಅರಿಶಿನ ಇತ್ತು. ಗೆಡ್ಡೆ ಕೊಳೆ ರೋಗ ಬರುತ್ತೆ ಅಂತ ಅರಿಶಿನ ಹಾಕಿದ ಜಾಗದಲ್ಲಿ ಮುಂದಿನ ವರ್ಷನೂ ಅರಿಶಿನ ಹಾಕಲ್ಲ, ಅದು ಸಾವಯವದೋರಿರ್ಲಿ ರಾಸಾಯನಿಕ ಗೊಬ್ಬರದೋರಿರ್ಲಿ ಎಲ್ರಿಗೂ ಗೊತ್ತಿರೋ ಮಾತು. ಬೆಳೆ ಬದಲಾಯಿಸ್ಬೇಕು ಅಂತ ಟ್ರೈನಿಂಗಲ್ಲಿ ನೀವೇ ನಮಗೆ ಪಾಠ ಮಾಡಿದ್ರಿ, ಆಮೇಲೆ ನೀವೇ ಡೈರೀಲಿ ಅರಿಶಿನದ ಮೇಲೆ ಅರಿಶಿನ ಬರೀತೀರಿ.

ಇನ್ನೊಂದು ನೋಡಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಎರಡು ಎಕರೆಗೆ ಜೀವಾಮೃತ (ಸಗಣಿ ಗಂಜಲದ ದ್ರವ ಗೊಬ್ಬರ) 20 ಲೀಟರ್ ಅಂತ ಬರ್ದಿದಾರೆ. ಒಂದು ಎಕರೆಗೇ 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು ಹಾಕಿ ಕಲ್ಸೋದು, 20 ಲೀಟರ್ ಅಂದ್ರೆ ನನ್ನ ಹಸು ಒಂದೇ ಸಲಕ್ಕೆ ಕುಡಿಯೋ ನೀರು. ಬರ್ದೋನು ಜೀವಾಮೃತದ ಡ್ರಮ್ ಕಣ್ಣಲ್ಲಿ ನೋಡಿಲ್ಲ ಅಂತ ಇದೊಂದ್ರಲ್ಲೇ ಗೊತ್ತಾಗುತ್ತೆ. ವರ್ಷಕ್ಕೆ ಎರಡು ಸಲ ಒಳಗಿನ ತಪಾಸಣೆ ಆಗ್ಬೇಕಲ್ವಾ, ಡೈರೀಲಿ ಎರಡಕ್ಕೂ ತಾರೀಕು ಇದೆ, ಸಹಿನೂ ಇದೆ. ಆ ಸಹಿ ನಂದಲ್ಲ. ನಾನು ಕನ್ನಡದಲ್ಲಿ ಸಹಿ ಮಾಡೋನು, ಅಲ್ಲಿರೋದು ಇಂಗ್ಲಿಷ್.

ಈಗ ನನ್ನ ಪ್ರಶ್ನೆ ನೇರವಾಗಿ ಕೇಳ್ತೀನಿ. ಗುಂಪಿನ ರೈತರ ಹೆಸರು, ಹೊಲ, ಬೆಳೆ, ಇಳುವರಿ ಎಲ್ಲ ಅಪೇಡಾದ (ಕೃಷಿ ರಫ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಆನ್‌ಲೈನ್ ದಾಖಲೆ ವ್ಯವಸ್ಥೆ ಟ್ರೇಸ್‌ನೆಟ್‌ಗೆ ಹತ್ತುತ್ತೆ, ಅಲ್ಲಿರೋ ಇಳುವರಿ ಲೆಕ್ಕದ ಮೇಲೇ ನೀವು ಮಾರೋ ಮಾಲಿಗೆ ಇದು ಸಾವಯವ ಅಂತ ಹೇಳೋ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಸಿಗುತ್ತೆ. ನನ್ನ ಹೆಸರಲ್ಲಿ 42 ಹತ್ತಿದ್ರೆ, ನಾನು ಬೆಳೆದಿದ್ದು 14 ಆದ್ರೆ, ಮಿಕ್ಕ 28 ಕ್ವಿಂಟಾಲ್ ಜಾಗದಲ್ಲಿ ಯಾವ ಅರಿಶಿನ ಹೋಗುತ್ತೆ? ಮಾಮೂಲಿ ಅರಿಶಿನ ಬೇಕಾದಷ್ಟು ಸಿಗೋ ತಮಿಳುನಾಡಿನ ಈರೋಡ್ ಮಾರ್ಕೆಟ್ಟು ನಮಗೇನು ದೂರ ಇಲ್ಲ. ನೀವು ಹಂಗೆ ಮಾಡಿದೀರ ಅಂತ ನಾನು ಹೇಳ್ತಾ ಇಲ್ಲ, ಆದ್ರೆ ಮಾಡಕ್ಕೆ ಜಾಗ ಮಾಡಿಟ್ಟಿದೀರ, ಅದೂ ನನ್ನ ಸರ್ವೆ ನಂಬರ್ ಹೆಸರಲ್ಲಿ. ನಾಳೆ ಆ ಮಾಲಲ್ಲಿ ಔಷಧಿ ಅಂಶ ಸಿಕ್ಕಿ ಲ್ಯಾಬಲ್ಲಿ ಫೇಲ್ ಆದ್ರೆ ಹುಡುಕ್ಕೊಂಡು ಬರೋದು ಯಾರ ಮನೆಗೆ? 2020ರಲ್ಲಿ ನಮ್ಮ ದೇಶದ ಎಳ್ಳಲ್ಲಿ ಎಥಿಲೀನ್ ಆಕ್ಸೈಡ್ ಅನ್ನೋ ಕ್ರಿಮಿ ಕೊಲ್ಲೋ ರಾಸಾಯನಿಕ ಸಿಕ್ಕಿ ಯೂರೋಪಲ್ಲಿ ದೊಡ್ಡ ಗಲಾಟೆ ಆಯ್ತು, 2021ರ ಕೊನೇಲಿ ಅಲ್ಲಿನೋರು ಇಲ್ಲಿಯ ಕೆಲವು ಸರ್ಟಿಫಿಕೇಶನ್ ಸಂಸ್ಥೆಗಳನ್ನೇ ಪಟ್ಟಿಯಿಂದ ಕಿತ್ತಾಕಿದ್ರು. ಯಾರೋ ಮಾಡಿದ್ದಕ್ಕೆ ನೆಟ್ಟಗೆ ಬೆಳೆದೋರೂ ಅನುಭವಿಸ್ಬೇಕಾಯ್ತು.

ದುಡ್ಡಿನ ವಿಷಯ. ನನ್ನ 14 ಕ್ವಿಂಟಾಲಲ್ಲಿ 9 ಮಾತ್ರ ತಗೊಂಡ್ರಿ, ಮಾರ್ಕೆಟ್ ರೇಟಿನ ಮೇಲೆ ನೂರಕ್ಕೆ 15 ಜಾಸ್ತಿ ಕೊಡ್ತೀವಿ ಅಂದಿದ್ರಿ, ಬರೀ ಮಾರ್ಕೆಟ್ ರೇಟ್ ಹಾಕಿದೀರ. ಮಿಕ್ಕ 5 ಕ್ವಿಂಟಾಲ್ ತೇವ ಜಾಸ್ತಿ ಇದೆ ಅಂತ ಬಿಟ್ಟೋದ್ರಿ. ಒಂದೇ ಕಣದಲ್ಲಿ ಒಂದೇ ದಿನ ಒಣಗ್ಸಿದ ಅರಿಶಿನದಲ್ಲಿ 9ಕ್ಕೆ ತೇವ ಇಲ್ಲ, 5ಕ್ಕೆ ಮಾತ್ರ ಇದೆ! ಆ 5 ಕ್ವಿಂಟಾಲ್ ಈಗ ಮನೇಲಿ ಮೂಟೇಲಿದೆ. ಮೈಸೂರಿನ ಒಬ್ರು ಅಂಗಡಿಯೋರು ತಗೋತೀವಿ ಆದ್ರೆ ಸರ್ಟಿಫಿಕೇಟ್ ಬೇಕು ಅಂದ್ರು, ಸರ್ಟಿಫಿಕೇಟ್ ನಿಮ್ಮ ಗುಂಪಿನ ಹೆಸರಲ್ಲಿದೆ, ಗುಂಪಿನ ಮೂಲಕ ಬಿಟ್ಟು ನಾನೊಬ್ನೇ ಅದನ್ನ ತೋರ್ಸಿ ಮಾರಂಗಿಲ್ಲ. ನೀವೂ ತಗೊಳ್ಳಲ್ಲ, ಬೇರೆಯೋರಿಗೆ ಮಾರಕ್ಕೆ ಪೇಪರ್ರೂ ಕೊಡಲ್ಲ. ವರ್ಷಾನುಗಟ್ಲೆ ಯೂರಿಯಾ ಮುಟ್ದೆ, ಪಕ್ಕದ ಹೊಲದ ಔಷಧಿ ಗಾಳಿ ಹೊಡೀಬಾರ್ದು ಅಂತ ಬದದ ಉದ್ದಕ್ಕೂ ಬೇಲಿ ಗಿಡ ಬೆಳ್ಸಿ, ಕಳೆನಾಶಕ ಹೊಡೆಯೋ ಬದ್ಲು ಆಳಿಟ್ಟು ಕಳೆ ತೆಗ್ಸಿ ಮಾಡಿದ್ದು ಯಾಕೆ ನಾನು?

ಅದಕ್ಕೆ ನಂಗೆ ಬೇಕಾಗಿರೋದು ಇಷ್ಟು. ನನ್ನ ಡೈರಿ, ನೋಂದಣಿ ಫಾರ್ಮ್, ಒಳಗಿನ ತಪಾಸಣೆ ವರದಿ ಇವುಗಳ ಪ್ರತಿ ಸೀಲ್ ಹಾಕಿ ಕೊಡ್ಬೇಕು. ಟ್ರೇಸ್‌ನೆಟ್‌ನಲ್ಲಿ ನನ್ನ ಬೆಳೆ ಒಂದು ಎಕರೆ 14 ಕ್ವಿಂಟಾಲ್ ಅಂತ ತಿದ್ದಿ ಅದ್ರ ಪ್ರಿಂಟ್ ಕಳಿಸ್ಬೇಕು, ತಿದ್ದೋ ಮುಂಚೆ ನನ್ನ ಹೆಸರಲ್ಲಿ ಎಷ್ಟು ಕ್ವಿಂಟಾಲ್ ಮಾರಿದೀರ ಅನ್ನೋದನ್ನೂ ಬರ್ದು ತಿಳಿಸ್ಬೇಕು. 9 ಕ್ವಿಂಟಾಲಿನ ಬಾಕಿ ಬ್ಯಾಂಕಿಗೆ ಹಾಕ್ಬೇಕು. ಮಿಕ್ಕ 5 ಕ್ವಿಂಟಾಲನ್ನ ಒಂದೋ ಅದೇ ರೇಟಿಗೆ ತಗೋಬೇಕು, ಇಲ್ಲಾ ಮೈಸೂರಿನೋರಿಗೆ ಗುಂಪಿನ ಮೂಲಕವೇ ಮಾರಿಸ್ಕೊಡ್ಬೇಕು. ಆಮೇಲೆ ಬಿಡುಗಡೆ ಪತ್ರ. ನಮ್ಮೂರಲ್ಲಿ ಪಿಜಿಎಸ್ ಗುಂಪು (ರೈತರೇ ಒಬ್ರ ಹೊಲ ಒಬ್ರು ನೋಡಿ ಸಾವಯವ ಅಂತ ದೃಢೀಕರಿಸೋ ಪದ್ಧತಿ) ಮಾಡಕ್ಕೆ ಐದಾರು ಜನ ರೆಡಿ ಇದೀವಿ, ಅದಕ್ಕೆ ಐದು ಜನ ರೈತರು ಇದ್ರೆ ಸಾಕು, ಲಕ್ಷಗಟ್ಲೆ ಫೀಸೂ ಇಲ್ಲ. ಎಕ್ಸ್‌ಪೋರ್ಟಿಗೆ ಅದು ನಡೆಯಲ್ಲ ಅಂತ ಗೊತ್ತು, ನಂಗೆ ಮೈಸೂರು ಬೆಂಗಳೂರಲ್ಲಿ ಮಾರಿದ್ರೆ ಸಾಕು. ಆದ್ರೆ ನನ್ನ ಹೊಲ ಇಷ್ಟು ವರ್ಷ ತಪಾಸಣೆಲಿತ್ತು ಅನ್ನೋ ದಾಖಲೆ ನೀವು ಕೊಡ್ಬೇಕು. ಗುಂಪು ಬಿಟ್ರೆ ಮತ್ತೆ ಸಿ-1ರಿಂದ ಶುರು ಮಾಡ್ಬೇಕಾಗುತ್ತೆ ಅಂತ ನಿಮ್ಮ ಫೀಲ್ಡ್ ಆಫೀಸರ್ ಹೆದರಿಸ್ತಾರೆ, ಅದು ಯಾವ ರೂಲಲ್ಲಿದೆ ಅಂತ ಅದನ್ನೂ ಬರ್ದು ಕೊಡಿ.

ಈ ಪತ್ರದ ಒಂದು ಪ್ರತಿ, ಡೈರಿ ಫೋಟೋ, ರಾಗಿ ಕೂಳೆ ಫೋಟೋ ಎಲ್ಲಾ ಸೇರ್ಸಿ ಸರ್ಟಿಫಿಕೇಶನ್ ಸಂಸ್ಥೆಗೂ ರಿಜಿಸ್ಟರ್ ಪೋಸ್ಟ್ ಮಾಡಿದೀನಿ. ಹದಿನೈದು ದಿನದಲ್ಲಿ ನಿಮ್ಮಿಂದ ಉತ್ರ ಬರ್ದಿದ್ರೆ ಇದೇ ಕಟ್ಟು ಅಪೇಡಾಗೆ ಹೋಗುತ್ತೆ. ಉತ್ರ ಪೋಸ್ಟಲ್ಲೇ ಕಳ್ಸಿ, ಫೀಲ್ಡ್ ಆಫೀಸರ್ ಕೈಲಿ ಬಾಯಿ ಮಾತಲ್ಲಿ ಹೇಳಿ ಕಳಿಸ್ಬೇಡಿ, ಕನ್ನಡದಲ್ಲೇ ಇರ್ಲಿ.

ಇಂತಿ,
ನಿಮ್ಮ ಲಿಸ್ಟಲ್ಲಿ ಎರಡು ಎಕರೆ ಅರಿಶಿನದ ರೈತ
ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ