ಕೇಬಲ್ ಕೈಯಲ್ಲಿದ್ದೂ ಫೋಟೊ ವಾಟ್ಸ್‌ಆ್ಯಪ್‌ನಲ್ಲೇಕೆ?

ಮಾನ್ಯ ಸಂಪಾದಕರೇ,

ಮದುವೆ, ಗೃಹಪ್ರವೇಶದ ಫೋಟೊಗಳನ್ನು ಮೊಬೈಲಿನಿಂದ ಕಂಪ್ಯೂಟರಿಗೆ ಹಾಕಿಕೊಳ್ಳಲು ಬಹಳ ಮಂದಿ ಈಗಲೂ ವಾಟ್ಸ್‌ಆ್ಯಪ್ ಹಿಡಿಯುತ್ತಾರೆ. ಹಾಗೆ ಕಳಿಸಿದ ಫೋಟೊ ಕುಗ್ಗಿಹೋಗುತ್ತದೆ. 4 ಎಂಬಿ ಇದ್ದದ್ದು ಕೆಲವು ನೂರು ಕೆಬಿಗೆ ಇಳಿಯುತ್ತದೆ, ಫೋಟೊ ತೆಗೆದ ದಿನಾಂಕದ ಮಾಹಿತಿಯೂ ಅಳಿಸುತ್ತದೆ. ಮೊಬೈಲಿನ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗದು. ಆಲ್ಬಮ್‌ಗೆಂದು ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಮುಖವೆಲ್ಲ ಮಸುಕು. ಕಳಿಸಲೇಬೇಕಾದರೆ ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಒತ್ತಿ ಕಳಿಸಿ, ಆಗ ಮೂಲ ಫೈಲೇ ಹೋಗುತ್ತದೆ. ಆದರೆ ಐನೂರು ಫೋಟೊಗೆ ಇದು ದಾರಿಯಲ್ಲ. ಬ್ಲೂಟೂತ್ ಅಂತೂ ಬೇಡವೇ ಬೇಡ: ಸೆಕೆಂಡಿಗೆ 200 ಕೆಬಿ ಎಂದು ಲೆಕ್ಕ ಹಿಡಿದರೆ ಅಷ್ಟು ಫೋಟೊ ದಾಟಲು ಎರಡೂಮುಕ್ಕಾಲು ಗಂಟೆ ಬೇಕು. ಯುಎಸ್‌ಬಿ ಕೇಬಲ್‌ನಲ್ಲಿ ಅದು ಕೆಲವೇ ನಿಮಿಷದ ಕೆಲಸ.

‘ಕೇಬಲ್ ಹಾಕಿದರೂ ಕಂಪ್ಯೂಟರಿನಲ್ಲಿ ಏನೂ ಬರಲ್ಲ’ ಎಂಬುದು ಹೊಸಬರೆಲ್ಲರ ದೂರು. ಮೊದಲು ಅನುಮಾನಿಸಬೇಕಾದ್ದು ಕೇಬಲನ್ನೇ. ಸಾಮಾನ್ಯ ಯುಎಸ್‌ಬಿ ಕೇಬಲ್‌ನೊಳಗೆ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಎರಡು ಡೇಟಾಕ್ಕೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾದ ಎರಡು ತಂತಿ ಇರುವುದೇ ಇಲ್ಲ. ಫೋನ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಫೋನ್ ಬಂದದ್ದೇ ತಿಳಿಯದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಫೋನಿನ ಜೊತೆ ಬಂದ ಕೇಬಲ್ ಹಾಕಿ ನೋಡಿದರೆ ಅನುಮಾನ ಬಗೆಹರಿಯುತ್ತದೆ. ‘ಚಾರ್ಜಿಂಗ್‌ಗೆ ಮಾತ್ರ’ ಎಂದು ಇಂಥ ಕೇಬಲ್‌ನ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ಮುದ್ರಿಸುವಂತೆ ಮಾಡಿದರೆ ಎಷ್ಟೋ ಜನರ ಪರದಾಟ ತಪ್ಪುತ್ತದೆ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಸಡಿಲ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಫೋನಿನ ಪೋರ್ಟ್‌ನಲ್ಲಿ ಜೇಬಿನ ನೂಲು, ಧೂಳು ಗಿಡಿದಿದ್ದರೂ ಹೀಗೇ ಆಗುತ್ತದೆ. ಫೋನ್ ಆಫ್ ಮಾಡಿ ಮರದ ಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ, ಪಿನ್ನು ಸೂಜಿ ಹಾಕಬೇಡಿ.

ಕೇಬಲ್ ಸರಿಯಿದ್ದರೆ ಫೋನಿನಲ್ಲೂ ಒಂದು ಕೆಲಸವಿದೆ. ಆ್ಯಂಡ್ರಾಯ್ಡ್ ಫೋನ್‌ಗಳು ಸುರಕ್ಷತೆಗಾಗಿ ಮೊದಲು ಚಾರ್ಜಿಂಗ್ ಸ್ಥಿತಿಯಲ್ಲೇ ನಿಲ್ಲುತ್ತವೆ. ಪರದೆಯ ಮೇಲ್ತುದಿಯಿಂದ ಬೆರಳು ಕೆಳಗೆಳೆದರೆ ‘ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ’ ಎಂಬ ಅರ್ಥದ ಸೂಚನೆ ಕಾಣುತ್ತದೆ. ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಹೆಚ್ಚಿನ ಫೋನ್‌ಗಳಲ್ಲಿ ಪ್ರತಿ ಸಲ ಜೋಡಿಸಿದಾಗಲೂ ಇದು ಬೇಕು. ಕಳೆದ ವಾರ ಬಂದಿದ್ದು ಈ ವಾರ ಬರುತ್ತಿಲ್ಲ ಎನ್ನುವವರು ಮರೆಯುವುದು ಇದನ್ನೇ. ಈಗ ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಫೋನಿನ ಹೆಸರು ಬರುತ್ತದೆ. ಹೆಸರು ಬಂದು ಒಳಗೆ ಖಾಲಿ ಇದ್ದರೆ ಗಾಬರಿ ಬೇಡ, ಫೋನ್ ಲಾಕ್ ಆಗಿದೆ ಅಷ್ಟೆ. ಲಾಕ್ ತೆಗೆದು ಒಂದು ಕ್ಷಣ ಕಾಯಿರಿ.

ಕ್ಯಾಮೆರಾದ ಫೋಟೊ, ವಿಡಿಯೊ ಇರುವುದು ‘ಡಿಸಿಐಎಂ’ ಒಳಗಿನ ‘ಕ್ಯಾಮೆರಾ’ ಫೋಲ್ಡರ್‌ನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದವನ್ನು ಹುಡುಕುವುದೇ ಕಷ್ಟ: ಈಗಿನ ಫೋನ್‌ಗಳಲ್ಲಿ ‘ಆ್ಯಂಡ್ರಾಯ್ಡ್’, ಅದರೊಳಗೆ ‘ಮೀಡಿಯಾ’, ಅದರೊಳಗೆ ‘ಕಾಮ್ ಡಾಟ್ ವಾಟ್ಸ್‌ಆ್ಯಪ್’, ಮತ್ತೆ ‘ವಾಟ್ಸ್‌ಆ್ಯಪ್’, ಮತ್ತೆ ‘ಮೀಡಿಯಾ’. ಈರುಳ್ಳಿ ಸುಲಿದ ಹಾಗೆ. ನಿಮಗೆ ಬಂದ ಫೋಟೊ ‘ವಾಟ್ಸ್‌ಆ್ಯಪ್ ಇಮೇಜಸ್’ನಲ್ಲಿ, ನೀವು ಕಳಿಸಿದ್ದು ಅದರೊಳಗಿನ ‘ಸೆಂಟ್’ನಲ್ಲಿ ಇರುತ್ತದೆ.

ಒಂದು ಮಾತು ಒತ್ತಿ ಹೇಳಬೇಕು: ‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ. ಸಾಗುವಾಗ ಕೇಬಲ್ ಅಲುಗಾಡಿದರೆ ಕಟ್ ಮಾಡಿದ ಫೈಲ್ ಇಲ್ಲೂ ಇಲ್ಲ ಅಲ್ಲೂ ಇಲ್ಲ ಎಂಬಂತಾಗಬಹುದು. ಸಾವಿರಾರು ಫೋಟೊ ಇರುವ ಫೋಲ್ಡರ್ ತೆರೆದು ಕಾಯುವ ಬದಲು ಇಡೀ ಫೋಲ್ಡರನ್ನೇ ಕಾಪಿ ಮಾಡಿ ಡಿ ಡ್ರೈವ್‌ನಲ್ಲಿ ಪೇಸ್ಟ್ ಮಾಡಿ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ತಾಳೆ ನೋಡಿ, ಮೊದಲಿನದು, ನಡುವಿನದು, ಕೊನೆಯದು ತೆರೆದು ನೋಡಿ. ಆಮೇಲಷ್ಟೇ ಫೋನಿನಿಂದ ಅಳಿಸುವ ಮಾತು.

ಐಫೋನ್‌ನವರು ಕೇಬಲ್ ಹಾಕಿದಾಗ ಬರುವ ‘ಟ್ರಸ್ಟ್’ ಪ್ರಶ್ನೆಗೆ ಒಪ್ಪಿ ಪಾಸ್‌ಕೋಡ್ ಕೊಡಬೇಕು. ವಿಂಡೋಸ್‌ನಲ್ಲಿ ಕಾಪಿ ಅರ್ಧಕ್ಕೆ ನಿಲ್ಲುತ್ತಿದ್ದರೆ ಸೆಟ್ಟಿಂಗ್ಸ್‌ನ ‘ಫೋಟೋಸ್’ ವಿಭಾಗದ ಕೊನೆಯಲ್ಲಿ ‘ಆಟೊಮ್ಯಾಟಿಕ್’ ಇರುವುದನ್ನು ‘ಕೀಪ್ ಒರಿಜಿನಲ್ಸ್’ ಮಾಡಿ. ಫೋಟೊಗಳನ್ನು ದಾರಿಯಲ್ಲೇ ಜೆಪೆಗ್ ಎಂಬ ಸಾಮಾನ್ಯ ಫೋಟೊ ಮಾದರಿಗೆ ಪರಿವರ್ತಿಸಲು ಹೋಗಿ ಐಫೋನ್ ಮುಗ್ಗರಿಸುತ್ತಿರುತ್ತದೆ.

ಕೇಬಲ್ ಬೇಡವೆನ್ನುವವರಿಗೆ, ತಂತಿಯಿಲ್ಲದೆ ಫೈಲ್ ಕಳಿಸುವ ಗೂಗಲ್‌ನ ‘ಕ್ವಿಕ್ ಶೇರ್’ ವಿಂಡೋಸ್‌ಗೂ ಸಿಗುತ್ತದೆ. ನಾಲ್ಕಾರು ಫೈಲ್‌ಗೆ ಅದು ಚೆನ್ನ. ಇಂಥದೇ ಕೆಲಸದ ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿದ್ದವು. ಎಲ್ಲಿಂದಲೋ ಅವನ್ನು ಇಳಿಸಿಕೊಳ್ಳುವ ಗೋಜು ಬೇಡ.

ಇಷ್ಟೆಲ್ಲ ಮನೆಯ ಕಂಪ್ಯೂಟರಿಗೆ ಸರಿ. ಜೆರಾಕ್ಸ್ ಅಂಗಡಿಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಒತ್ತಬೇಡಿ. ಒಂದು ಪಹಣಿ ಪ್ರಿಂಟ್‌ಗಾಗಿ ಫೋನಿನ ಫೋಟೊ, ವಿಡಿಯೊಗಳೆಲ್ಲ ಅವರ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತವೆ. ಟೈಪ್-ಸಿ ತುದಿಯಿರುವ ಪೆನ್‌ಡ್ರೈವ್‌ಗೆ ಬೇಕಾದ ಪಿಡಿಎಫ್ ಒಂದನ್ನೇ ಹಾಕಿ ಒಯ್ಯಿರಿ. ಅದರಲ್ಲಿ ಬೇರೇನೂ ಇಟ್ಟಿರಬೇಡಿ, ಅಂಗಡಿಯಿಂದ ವೈರಸ್ ಅಂಟಿಸಿಕೊಂಡು ಬಂದರೂ ಫಾರ್ಮ್ಯಾಟ್ ಮಾಡಿದರಾಯಿತು. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗ್‌ಔಟ್ ಮಾಡಿಯೇ ಹೊರಡಿ.

ಕಂಪ್ಯೂಟರಿನಿಂದ ಮೊಬೈಲಿಗೆ ಹಾಕುವಾಗ ನಮ್ಮ ಕನ್ನಡಿಗರಿಗೇ ಒದಗುವ ತೊಡಕೊಂದಿದೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕರೆಯೋಲೆ, ಅರ್ಜಿ ಮೊಬೈಲಿನಲ್ಲಿ ತೆರೆದರೆ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲ್ ಕೆಟ್ಟಿತೆಂದು ಮತ್ತೆ ಮತ್ತೆ ಕಾಪಿ ಮಾಡುವವರಿದ್ದಾರೆ. ಫೈಲ್ ಕೆಟ್ಟಿಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ, ಫೋನಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ಮೂಲದ ಸಂಕೇತಗಳೇ ಬಯಲಾಗುತ್ತವೆ. ಬರೀ ಓದಲು, ಪ್ರಿಂಟ್‌ಗೆ ಆದರೆ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಾಪಿ ಮಾಡಿ. ಮೊಬೈಲಿನಲ್ಲಿ ತಿದ್ದಬೇಕಿದ್ದರೆ ಪರಿವರ್ತಕ ತಂತ್ರಾಂಶದ ಮೂಲಕ, ಮೊಬೈಲೂ ಓದಬಲ್ಲ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನಂತರ ಹಾಕಿ; ಪರಿವರ್ತಕ ಎಡವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

– ಕಂಪ್ಯೂಟರ್ ಶಿಕ್ಷಕರು, ಶಿವಮೊಗ್ಗ