ಒಂದೇ ಮಳೆಗಾಲಕ್ಕೆ ಕಪ್ಪಾಗುವ ಹಿತ್ತಾಳೆ ಫಲಕ

ಮಾನ್ಯರೇ,

ದೇವಸ್ಥಾನದ ದಾನಿಗಳ ಪಟ್ಟಿ, ಸೊಸೈಟಿ ಬಾಗಿಲಿನ ಬೋರ್ಡು, ಗೇಟಿನ ಹೆಸರು ಎಲ್ಲವನ್ನೂ ಈಗ ಬಣ್ಣ ಹಚ್ಚಿದ ಹಿತ್ತಾಳೆ ತಗಡಿನ ಮೇಲೆ ಲೇಸರ್‌ನಲ್ಲಿ ಬರೆಸುತ್ತಾರೆ. ಕೂರಿಸಿದ ದಿನ ಅಕ್ಷರ ಚಿನ್ನದಂತಿರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಒಂದು ಮಳೆಗಾಲ ದಾಟುವಷ್ಟರಲ್ಲಿ ಅಕ್ಷರ ಕಪ್ಪು, ಅಂಚಿಗೆ ಹಸಿರು ಕಿಲುಬು. ‘ಕಲಬೆರಕೆ ಹಿತ್ತಾಳೆ’ ಎಂಬ ದೂರು ಆಗ ಶುರು. ಕಲಬೆರಕೆಯಾಗಿದ್ದರೂ ಇರಬಹುದು, ಆದರೆ ಸುತ್ತಲಿನ ಬಣ್ಣ ಹಾಗೆಯೇ ಇದ್ದು ಅಕ್ಷರ ಮಾತ್ರ ಕಪ್ಪಾಗಿದ್ದರೆ ತಪ್ಪು ತಗಡಿನದ್ದಲ್ಲ.

ಅಕ್ರಿಲಿಕ್ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಹಿತ್ತಾಳೆಯನ್ನು ಕೆತ್ತುವುದೇ ಇಲ್ಲ. ಅದರ 10.6 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ತರಂಗದ ಬೆಳಕನ್ನು ಹಿತ್ತಾಳೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಹೊಡೆಯುತ್ತದೆ. ಸುಡುವುದು ಮೇಲಿನ ಬಣ್ಣ ಮಾತ್ರ. ಅಂದರೆ ಹೊಳೆಯುವ ಅಕ್ಷರವೆಂದರೆ ಬೆತ್ತಲೆ ಹಿತ್ತಾಳೆ, ಅದಕ್ಕೆ ನೇರವಾಗಿ ಉಪ್ಪುಗಾಳಿ. ಘಟ್ಟದ ಮೇಲಿನ ಶಿರಸಿಯ ಗಾಳಿಯಲ್ಲಿ ಉಪ್ಪಿಲ್ಲ, ತೇವ ಧಾರಾಳ. ಅಲ್ಲೂ ಕಪ್ಪಾಗುತ್ತದೆ, ತುಸು ನಿಧಾನವಾಗಿ.

40 ವಾಟ್ ಯಂತ್ರದಲ್ಲಿ ತೆಳು ಬಣ್ಣಕ್ಕೆ ಶೇ 30ರಿಂದ 40 ಶಕ್ತಿ, ಸೆಕೆಂಡಿಗೆ 200–300 ಮಿ.ಮೀ. ವೇಗ, ಗೆರೆಗಳ ನಡುವೆ 0.1 ಮಿ.ಮೀ. ಅಂತರದಿಂದ ಶುರು ಮಾಡಿ, ಮೊದಲು ಚೂರು ತಗಡಿನ ಮೇಲೆ ನೋಡಿಕೊಳ್ಳಬೇಕು. ಮೊದಲ ಸುತ್ತಿನ ನಂತರ ಅಕ್ಷರದೊಳಗೆ ಕಂದು ಮಸಿ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅರ್ಧ ಶಕ್ತಿಯಲ್ಲಿ ಇನ್ನೊಂದು ಸುತ್ತು ಓಡಿಸಬೇಕು. ಒಂದೇ ಸುತ್ತಿಗೆ ಮುಗಿಸಲು ಶಕ್ತಿ ಏರಿಸಿದರೆ ಬಣ್ಣದ ಅಂಚು ಸುಟ್ಟು ಏಳುತ್ತದೆ, ಅದರಡಿ ನೀರು ನುಗ್ಗುತ್ತದೆ. ಪುಡಿ ಬಣ್ಣವನ್ನು ಬೇಯಿಸಿ ಹಿಡಿಸುವ ಪೌಡರ್ ಕೋಟಿಂಗ್ ದಪ್ಪ, ಸಾಮಾನ್ಯವಾಗಿ 60–80 ಮೈಕ್ರಾನ್. ಕರಗಿ ಅಂಚಿನಲ್ಲಿ ಗಂಟು ಕಟ್ಟುತ್ತದೆ. ಪಿವಿಸಿ ಹಾಳೆ ಅಂಟಿಸಿದ ತಗಡನ್ನಂತೂ ಲೇಸರ್ ಕೆಳಗೆ ಇಡಲೇಬಾರದು: ಹೈಡ್ರೋಜನ್ ಕ್ಲೋರೈಡ್ ಹೊಗೆ ಎದ್ದು ಯಂತ್ರದ ಹಳಿಯನ್ನೂ ಕೆಲಸದವನ ಶ್ವಾಸಕೋಶವನ್ನೂ ತಿನ್ನುತ್ತದೆ.

ಮುಂದಿನದು ಎಲ್ಲರೂ ಬಿಡುವ ಹಂತ, ಪಾರದರ್ಶಕ ಲ್ಯಾಕರ್, ಅಂದರೆ ಬೆತ್ತಲೆ ಅಕ್ಷರವನ್ನು ಗಾಳಿಯಿಂದ ಕಾಯುವ ಬಣ್ಣವಿಲ್ಲದ ಲೇಪ. ಕೈಗವಸು ಹಾಕಿಕೊಂಡು, ಅಕ್ಷರ ತೆರೆದ ದಿನವೇ ಹೊಡೆಯಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚು ಲ್ಯಾಕರ್ ಅಡಿಯಲ್ಲೇ ಕಪ್ಪಾಗಿ ಮೂಡುತ್ತದೆ. ಒಂದು ದಪ್ಪ ಪದರ ಬೇಡ, ಮೂರು ತೆಳು ಪದರ ಇರಲಿ. ನಮ್ಮ ಆಷಾಢದ ಹವೆಯಲ್ಲಿ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ, ಏಕೆಂದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಗಡನ್ನು ಮೊದಲೇ 40–50 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಬೇಕು, ನಿಧಾನವಾಗಿ ಆರುವ ಥಿನ್ನರ್ ಬೆರೆಸಬೇಕು. ಹೊರಗೆ ಕೂರಿಸುವ ಫಲಕಕ್ಕೆ ಕಾರಿಗೆ ಹೊಡೆಯುವ ಎರಡು ಭಾಗದ ಪಾಲಿಯುರೆಥೇನ್ ಕ್ಲಿಯರ್ ಮೇಲು, ಆದರೆ ಆವಿ ತಡೆಯುವ ಮಾಸ್ಕ್ ಇಲ್ಲದೆ ಹೊಡೆಯುವಂತಿಲ್ಲ. ತೂತುಗಳನ್ನು ಲ್ಯಾಕರ್‌ಗೆ ಮೊದಲೇ ಕೊರೆದಿರಬೇಕು. ಆಮೇಲೆ ಕೊರೆದರೆ ಕಿಲುಬು ಅಲ್ಲಿಂದಲೇ ಒಳಗೆ ಹೊಕ್ಕುತ್ತದೆ. ಕಬ್ಬಿಣದ ಸ್ಕ್ರೂ ಹಿತ್ತಾಳೆಯ ಜೊತೆ ಸೇರಿದರೆ ಬೇಗ ತುಕ್ಕು ಹಿಡಿದು ಕೆಂಪು ಕಣ್ಣೀರು ಇಳಿಸುತ್ತದೆ. ಹಿತ್ತಾಳೆಯದೇ ಸ್ಕ್ರೂ ಹಾಕಿ.

ಹಬ್ಬದ ಹಿಂದಿನ ದಿನ ದೇವರ ದೀಪದ ಜೊತೆ ಫಲಕವನ್ನೂ ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ಭಕ್ತಿ ದೊಡ್ಡದು, ಲ್ಯಾಕರ್ ಮಾತ್ರ ಉಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಿಜವಾದ ಆಳ ಬೇಕೆಂದರೆ ಲೋಹವನ್ನೇ ಕೆತ್ತುವ 1.06 ಮೈಕ್ರಾನಿನ ಫೈಬರ್ ಲೇಸರ್ ಬೇಕು. 20 ವಾಟ್‌ನಲ್ಲಿ 0.2 ಮಿ.ಮೀ. ಇಳಿಸಲು ಹತ್ತಾರು ಸುತ್ತು ಹಿಡಿಯುತ್ತದೆ, ದರ ಹೆಚ್ಚಾಗುವುದು ಅದಕ್ಕೇ. ಹಿತ್ತಾಳೆಯಲ್ಲಿರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರಬಹುದು, ಹೊಗೆ ಹೀರುವ ಫ್ಯಾನ್ ಇಲ್ಲದ ಕಡೆ ಈ ಕೆಲಸ ಬೇಡ. ಲೋಹವನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಆಳ ತೆಗೆಯುವವರು ಉಳಿದ ದ್ರಾವಣವನ್ನು ಗಟಾರಕ್ಕೆ ಸುರಿಯಬಾರದು. ಅದರಲ್ಲಿ ಕರಗಿರುವ ತಾಮ್ರ ಮೀನಿಗೆ ವಿಷ, ನಮ್ಮ ಗಟಾರದ ನೀರು ಹೋಗುವುದೂ ಸಮುದ್ರಕ್ಕೇ.

ಸಮುದ್ರಕ್ಕೆ ಮುಖ ಮಾಡಿದ ಗೇಟಿಗಾದರೆ ಆನೊಡೈಸ್ ಮಾಡಿದ (ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿ ಬಣ್ಣ ಹಿಡಿಸಿದ) ಅಲ್ಯೂಮಿನಿಯಂ ಹಿತ್ತಾಳೆಗಿಂತ ಒಳ್ಳೆಯದು. ಲೇಸರ್ ಅದರ ಬಣ್ಣವನ್ನಷ್ಟೇ ಬಿಳಿಚಿಸುತ್ತದೆ, ರಕ್ಷಣೆಯ ಪದರ ಬಹುಮಟ್ಟಿಗೆ ಉಳಿಯುತ್ತದೆ. ಚಿನ್ನದ ಹೊಳಪೇ ಬೇಕೆನ್ನುವ ಸಮಿತಿಗಳು ಕೊಟೇಶನ್‌ನಲ್ಲಿ ಮೂರು ವಿಷಯ ಬರೆಸಿಕೊಳ್ಳಲಿ: ಬಣ್ಣ ಸುಡುವುದೋ ಲೋಹ ಕೆತ್ತುವುದೋ; ಕೆತ್ತುವುದಾದರೆ ಆಳ ಎಷ್ಟು; ಲೇಸರ್ ನಂತರ ಯಾವ ಲ್ಯಾಕರ್, ಎಷ್ಟು ಪದರ. ಅಂಗಡಿಯವರೂ ಲ್ಯಾಕರ್‌ನ ದರವನ್ನು ಬೇರೆ ಸಾಲಿನಲ್ಲೇ ತೋರಿಸಲಿ.

— ಲೇಸರ್ ಕೆಲಸದವರು, ಕಾರವಾರ