ಮಗಳಿಗೊಂದು ಪತ್ರ: ನಿಲ್ಲಿಸುವುದಾದರೆ ಹೇಳಿ ನಿಲ್ಲಿಸು

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ. ಅಮ್ಮನ ಮಂಡಿನೋವು ಈಗ ಪರವಾಗಿಲ್ಲ.

ಹಳೆಯ ಫಾಂಟಿನ ಕನ್ನಡ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸುವ ನಿನ್ನ ಪರಿವರ್ತಕವನ್ನು ಮುಂದುವರಿಸಲೋ ಮುಚ್ಚಲೋ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಬರೆಯುತ್ತಿದ್ದೇನೆ. ಆಫೀಸು, ಮಗು, ಎಲ್ಲ ಮುಗಿಸಿ ಮಲಗುವ ಹೊತ್ತಿಗೆ 'ನನ್ನ ಫೈಲ್ ಕನ್ವರ್ಟ್ ಆಗ್ತಿಲ್ಲ, ಅರ್ಜೆಂಟ್' ಅನ್ನುವ ಮೇಲ್‌ಗಳು. ನೀನು ಸುಸ್ತಾಗಿದ್ದೀಯ ಅನ್ನುವುದು ದನಿಯಲ್ಲೇ ಗೊತ್ತಾಯಿತು. ನಿಲ್ಲಿಸಿದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಹಾಕು. ನಮ್ಮ ಪ್ರೆಸ್ಸಿನ ಹಳೆಯ ಫೈಲುಗಳಿಗಾಗಿ ನೀನು ಅದನ್ನು ಶುರು ಮಾಡಿದ್ದು ನಿಜ. ಆ ಫೈಲುಗಳೆಲ್ಲ ಯಾವತ್ತೋ ಯೂನಿಕೋಡ್ ಆಗಿವೆ. ನನ್ನ ಋಣ ಏನೂ ಬಾಕಿ ಇಲ್ಲ.

ಈಗ ಬಾಕಿ ಇರುವುದು ಬೇರೆಯವರ ಫೈಲುಗಳು. ಊರೂರಿನ ಸಂಘಗಳ ಸ್ಮರಣ ಸಂಚಿಕೆ, ಕಾಲೇಜಿನ ಪ್ರಬಂಧಗಳು, ತಾಲ್ಲೂಕು ಪತ್ರಿಕೆಗಳ ಹಳೆಯ ಸಂಚಿಕೆಗಳು, ಎಷ್ಟೋ ಲೇಖಕರ ಅಚ್ಚಾಗದ ಕಾದಂಬರಿಗಳು. ಇವೆಲ್ಲ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದಲ್ಲಿ ಟೈಪಾಗಿ ಸಿಡಿಗಳಲ್ಲಿ ಕೂತಿವೆ. ಅವುಗಳಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಕಂಪ್ಯೂಟರಿನ ಲೆಕ್ಕಕ್ಕೆ ಅವು ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳು. ಆ ಜಾಗದಲ್ಲಿ ಫಾಂಟು ಕನ್ನಡದ ತುಣುಕುಗಳನ್ನು ತೋರಿಸುತ್ತದೆ, ಅಷ್ಟೆ. ಫಾಂಟು ಇಲ್ಲದ ಕಡೆ ತೆರೆದರೆ ಒಂದಕ್ಷರ ಓದಲಾಗದು. ಹುಡುಕಿದರೆ ಒಂದು ಪದ ಸಿಗದು.

ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯಿತು ಅಂದುಕೊಂಡವರು ಬಹಳ. ಅದು ಹಾಗಲ್ಲ ಅಂತ ನಾವಿಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕಂಡುಕೊಂಡೆವು. 'ಸೂರ್ಯ' ತೆಗೆದುಕೋ. ನುಡಿಯ ಹಳೆಯ ಫೈಲಿನಲ್ಲಿ ಬರೆಯುವ ಕ್ರಮದಲ್ಲೇ ಮೊದಲು ಯ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ: ರಕಾರ ಮೊದಲು, ಯ ಆಮೇಲೆ. 'ಅಕ್ಕಿ'ಯಲ್ಲಿ ಹಳೆಯ ಫೈಲು 'ಕಿ' ಬರೆದುಬಿಟ್ಟು ಆಮೇಲೆ ಕ ಒತ್ತು ಕೊಡುತ್ತದೆ. ಯೂನಿಕೋಡಿಗೆ ಒತ್ತು ಮೊದಲು ಬೇಕು, ಗುಡಿಸು ಕೊನೆಗೆ. 'ರಾಷ್ಟ್ರ', 'ಸ್ತ್ರೀ' ಥರದವು ಬಂದರಂತೂ ಎರಡೆರಡು ಒತ್ತು. ನಿನ್ನ ಪ್ರೋಗ್ರಾಮಿನ ನಿಜವಾದ ಬೆಲೆ ಇರುವುದು ಆ ನಿಯಮಗಳ ಪಟ್ಟಿಯಲ್ಲಿ, ಮತ್ತು ಸರಿಯೋ ತಪ್ಪೋ ಅಂತ ತಾಳೆ ನೋಡಲು ನೀನು ಸೇರಿಸಿಟ್ಟ ಮಾದರಿ ಪದಗಳಲ್ಲಿ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಆ ಪಟ್ಟಿ ಇನ್ನು ಬದಲಾಗುವುದೇ ಇಲ್ಲ. ಆ ಹಳೆಯ ಫಾಂಟುಗಳಿಗೆ ಇನ್ನು ಮೇಲೆ ಯಾರೂ ಹೊಸ ಒತ್ತಕ್ಷರ ಸೇರಿಸುವುದಿಲ್ಲ. ಅಲ್ಲಿಗೆ ನಿನ್ನ ಕೆಲಸದ ತಿರುಳು ಮುಗಿದಿದೆ, ಚೆನ್ನಾಗಿಯೇ ಮುಗಿದಿದೆ. ನಿನ್ನ ನಿದ್ದೆ ಕೆಡಿಸುತ್ತಿರುವುದು ಅದರ ಸುತ್ತ ಬೆಳೆದದ್ದು. ವಿಂಡೋಸ್ ಇನ್‌ಸ್ಟಾಲರ್, ವೆಬ್‌ಸೈಟು, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂದಾಗಲೆಲ್ಲ ಮುರಿಯುವ ಒಂದಷ್ಟು ಕಡೆ, ಪೇಜ್‌ಮೇಕರ್ ಫೈಲಿನ ಅಲಂಕಾರ ಹಾಗೇ ಉಳಿಸಿಕೊಡಿ ಅನ್ನುವ ಬೇಡಿಕೆ. ಇವನ್ನೆಲ್ಲ ಕಡಿದು ಹಾಕಿದರೆ ಯಾರ ಸಾಹಿತ್ಯವೂ ಕಳೆದುಹೋಗುವುದಿಲ್ಲ.

ನಿಲ್ಲಿಸುವುದಕ್ಕಿಂತ ನನಗೆ ಹೆಚ್ಚು ಹೆದರಿಕೆ ನಿಲ್ಲಿಸಿಯೂ ನಿಲ್ಲಿಸದೆ ಇರುವುದರದ್ದು. ಬರೆಯಲು, ಲೆಕ್ಕಪತ್ರಕ್ಕೆ ಬಿಟ್ಟಿ ಸಿಗುವ ಓಪನ್ ಆಫೀಸ್ ತಂತ್ರಾಂಶದ ಕಥೆ ನಾನು ಬಳಕೆದಾರನಾಗಿ ಕಣ್ಣಾರೆ ನೋಡಿದ್ದು. 2010ರಲ್ಲಿ ಅದನ್ನು ನಡೆಸುತ್ತಿದ್ದ ಸನ್ ಕಂಪನಿ ಒರಾಕಲ್ ಕೈಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆಲಸಗಾರರಲ್ಲಿ ಬಹಳ ಮಂದಿ ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. ಮರುವರ್ಷ ಒರಾಕಲ್ ಹಳೆಯದನ್ನು ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಸಂಸ್ಥೆಗೆ ಒಪ್ಪಿಸಿತು. ಹೆಸರು ಅಲ್ಲಿ ಉಳಿಯಿತು, ಮಾಡುವ ಕೈಗಳು ಲಿಬ್ರೆ ಆಫೀಸಿಗೆ ಬಂದವು. 2016ರಲ್ಲಿ ಒಂದು ಭದ್ರತಾ ದೋಷವನ್ನು ಹೊತ್ತಿಗೆ ಸರಿಯಾಗಿ ಸರಿಪಡಿಸಿ ಹೊಸ ಆವೃತ್ತಿ ಕೊಡಲಾಗದ ಸ್ಥಿತಿ ಬಂದಾಗ, ಓಪನ್ ಆಫೀಸಿನ ಆಗಿನ ಮುಖ್ಯಸ್ಥ ಡೆನಿಸ್ ಹ್ಯಾಮಿಲ್ಟನ್ ಮುಚ್ಚುವುದಾದರೆ ಏನೇನು ಮಾಡಬೇಕು ಅಂತ ಬಹಿರಂಗವಾಗಿಯೇ ಚರ್ಚೆಗಿಟ್ಟರು. ಎಂಥ ಮರ್ಯಾದೆಯ ಕೆಲಸ ಅದು! ಆದರೆ ಮುಚ್ಚಲು ಒಪ್ಪಿಗೆ ಸಿಗಲಿಲ್ಲ. 4.1 ಬಂದದ್ದು 2014ರಲ್ಲಿ. ಅದರಾಚೆಗೆ ಬಂದದ್ದೆಲ್ಲ ಅದಕ್ಕೇ ಹಾಕಿದ ತೇಪೆ. 2020ರಲ್ಲಿ ಲಿಬ್ರೆ ಆಫೀಸಿನವರು, ನಿಮ್ಮಲ್ಲಿಗೆ ಬರುವ ಜನಕ್ಕೆ ನಮ್ಮದೂ ಇದೆ ಅಂತ ಹೇಳಿ ಅಂತ ಬಹಿರಂಗ ಪತ್ರ ಬರೆಯಬೇಕಾಯಿತು. ಹಳೆಯ ಹೆಸರನ್ನು ನಂಬಿ ಅದನ್ನೇ ಇಳಿಸಿಕೊಂಡವರಿಗೆ ಒಳಗೆ ಕೆಲಸ ಮಾಡುವವರು ಕಡಿಮೆ ಅಂತ ತಿಳಿಯುವುದು ಹೇಗೆ? ಬಾಗಿಲು ತೆಗೆದಿಟ್ಟು ಮಾಲೀಕ ಊರಿಗೆ ಹೋದ ಅಂಗಡಿ ಅದು. ಗಿರಾಕಿ ಕಾಯುತ್ತಲೇ ಇರುತ್ತಾನೆ, ಪಕ್ಕದ ಅಂಗಡಿಗೂ ಹೋಗುವುದಿಲ್ಲ.

ಇನ್ನೊಂದು ಹೆದರಿಕೆ, ಸುಸ್ತಾದಾಗ ಬೀಗದ ಕೈ ಯಾರ ಕೈಗೆ ಹೋಗುತ್ತದೆ ಅನ್ನುವುದು. ಎಕ್ಸ್‌ಜೆಡ್ ಪ್ರಕರಣ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸಂಬಳವಿಲ್ಲದೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದಿದ್ದ, ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಆದರೆ ಅದು ಇಲ್ಲದ ಲಿನಕ್ಸ್ ಕಂಪ್ಯೂಟರು ಸಿಗುವುದು ಕಷ್ಟ. ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಒಂದಿಬ್ಬರು ಪೀಡಿಸಿದರು. ಜಿಯಾ ಟ್ಯಾನ್ ಅನ್ನುವ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಸಹಾಯ ಮಾಡಿ ವಿಶ್ವಾಸ ಗಳಿಸಿ, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನಿಂದ ಗುಟ್ಟಾಗಿ ಒಳನುಗ್ಗಲು ಕಳ್ಳಬಾಗಿಲು ಇಟ್ಟರು. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರು ಬೆನ್ನು ಹತ್ತಿದ್ದರಿಂದ ಮಾರ್ಚ್ ಕೊನೆಯಲ್ಲಿ ಅದು ಸಿಕ್ಕಿಬಿತ್ತು. ನೋಡಿಕೊಳ್ಳುತ್ತಿದ್ದವರ ಮೇಲೆ ತಪ್ಪು ಹೊರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ವರ್ಷ ಬಿಟ್ಟಿ ಬಳಸಿದವರು ಎಲ್ಲಿದ್ದರು? ನಿನ್ನ ಪರಿವರ್ತಕಕ್ಕೆ ಯಾರೂ ಕಳ್ಳಬಾಗಿಲು ಇಡಲಿಕ್ಕಿಲ್ಲ. ಆದರೂ ಜನ ತಮ್ಮ ಅಪ್ರಕಟಿತ ಬರಹಗಳನ್ನು ಅದರೊಳಗೆ ಹಾಕುತ್ತಾರೆ. ಪರಿಚಯವಿಲ್ಲದವರು 'ನಾನು ನೋಡಿಕೊಳ್ತೀನಿ' ಅಂದ ತಕ್ಷಣ ನಿಟ್ಟುಸಿರು ಬಿಟ್ಟು ಪಾಸ್‌ವರ್ಡ್ ಕೊಟ್ಟುಬಿಡಬೇಡ.

ಬದುಕಿಕೊಂಡವೂ ಇವೆ. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ನಮಗೆ ಮುಖ್ಯವಲ್ಲ ಅಂತ ಅದನ್ನು ನಡೆಸುತ್ತಿದ್ದ ಮೊಜಿಲ್ಲಾ ಸಂಸ್ಥೆ 2012ರಲ್ಲೇ ಕೈ ಸಡಿಲಿಸಿತ್ತು. ಬಳಸುವವರನ್ನೇ ನೇರವಾಗಿ ಕೇಳಲು ಶುರು ಮಾಡಿದ ಮೇಲೆ ಅದು ಎದ್ದು ನಿಂತಿತು. 2022ರಲ್ಲಿ ಬಂದ ದೇಣಿಗೆ 60 ಲಕ್ಷ ಡಾಲರ್ ದಾಟಿತು. ನಿನ್ನದಕ್ಕೆ ಅಷ್ಟೆಲ್ಲ ಬೇಡ. ಆದರೆ ನಿನ್ನ ಪ್ರೋಗ್ರಾಮನ್ನು ದಿನವೂ ಬಳಸಿ ಹಣ ಸಂಪಾದಿಸುವ ಡಿಟಿಪಿಯವರು, ಪ್ರಕಾಶಕರು ಇದ್ದಾರೆ, ನನಗೇ ಗೊತ್ತಿರುವವರಿದ್ದಾರೆ. ಅವರನ್ನು ನೀನು ಒಮ್ಮೆಯೂ ಕೇಳಿಲ್ಲ. ನಿನಗೆ ಸಂಕೋಚ, ಅದು ನನ್ನಿಂದಲೇ ಬಂದದ್ದು. ಕೇಳು. ಇಲ್ಲ ಅಂದರೆ ಅದೂ ಒಂದು ಉತ್ತರವೇ.

ನನ್ನ ಅಭಿಪ್ರಾಯ ಕೇಳಿದ್ದೀಯ, ಹೇಳುತ್ತೇನೆ. ಪಟ್ಟಿ ಮತ್ತು ಮಾದರಿ ಪದಗಳನ್ನು ಪ್ರೋಗ್ರಾಮಿನಿಂದ ಬಿಡಿಸಿ, ಯಾವ ಪ್ರೋಗ್ರಾಮಿಂಗ್ ಭಾಷೆಯವರಿಗೂ ಅರ್ಥವಾಗುವ ಸಾದಾ ಕಡತವಾಗಿ ಇಡು. ಪೈಥಾನ್ ಹೋಗಿ ಇನ್ನೊಂದು ಬಂದರೂ ಅದನ್ನು ನೋಡಿ ಯಾರಾದರೂ ಹೊಸದಾಗಿ ಬರೆದುಕೊಳ್ಳುತ್ತಾರೆ. ಇನ್‌ಸ್ಟಾಲರ್, ವೆಬ್‌ಸೈಟು ಎರಡನ್ನೂ ಮುಚ್ಚು. ಮುಚ್ಚುವ ತಾರೀಖನ್ನು ಮೊದಲೇ ಸಾರು. ಗಿಟ್‌ಹಬ್ ಕಂಪನಿ, ಪ್ರೋಗ್ರಾಮ್ ಬರೆಯಲು ಬಳಸುವ ತನ್ನ ಆಟಮ್ ಎಡಿಟರನ್ನು ಮುಚ್ಚುವಾಗ 2022ರ ಜೂನಿನಲ್ಲೇ ಹೇಳಿ ಡಿಸೆಂಬರ್ 15ಕ್ಕೆ ನಿಲ್ಲಿಸಿತು, ಬೇಕಾದವರು ಅದರ ಪ್ರತಿ ತೆಗೆದುಕೊಂಡು ಪಲ್ಸರ್ ಅಂತ ಮಾಡಿಕೊಂಡರು. ನೀನೂ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಅನ್ನುವ ಜಿಪಿಎಲ್ ಪರವಾನಗಿ ಹಾಕಿದ್ದೀಯ. ಬೇಕಾದವರು ತಮ್ಮ ಹೆಸರಿನಲ್ಲಿ, ತಮ್ಮ ಜವಾಬ್ದಾರಿಯಲ್ಲಿ ಮುಂದುವರಿಸಲಿ. ನಿನ್ನ ಹೆಸರು, ನಿನ್ನ ಕೀಲಿ ನಿನ್ನ ಹತ್ತಿರವೇ ಇರಲಿ. ಈ ಕೆಲಸ ಮಾಡುವ ಬೇರೆ ಪರಿವರ್ತಕಗಳೂ ಇವೆಯಲ್ಲ, ಅವುಗಳ ಕೊಂಡಿ ಮುಖಪುಟದಲ್ಲಿ ಮೇಲೆಯೇ ಇರಲಿ. ಆಮೇಲೆ ಪ್ರೋಗ್ರಾಮಿನ ಕಡತಗಳ ಇಡೀ ಭಂಡಾರವನ್ನು ಆರ್ಕೈವ್ ಮಾಡು. ಓದಬಹುದು, ಪ್ರತಿ ತೆಗೆಯಬಹುದು, ದೂರು ಮಾತ್ರ ಹಾಕಲಾಗದು. ಮುಂದೆ ಮಗು ದೊಡ್ಡದಾಗಿ ನಿನಗೇ ಮನಸ್ಸಾದರೆ ಮತ್ತೆ ತೆರೆಯುವುದಕ್ಕೂ ಆಗುತ್ತದೆ.

ಅದು ಬದುಕಿರಲಿ ಅಂತ ನನಗೆ ಆಸೆ ಇಲ್ಲವೇ ಅಂದರೆ, ಇದೆ, ಬಹಳ ಇದೆ. ನಿನ್ನ ಆರೋಗ್ಯ ಅದಕ್ಕಿಂತ ದೊಡ್ಡದು, ಇದರಲ್ಲಿ ಎರಡು ಮಾತಿಲ್ಲ.

ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಡ. ಬಳಸುವವರೆಲ್ಲ ಕನ್ನಡದವರು, ಅವರಿಗೆ ಕನ್ನಡದಲ್ಲೇ ತಿಳಿಸು. ಮಾದರಿ ಪದಗಳ ಪಟ್ಟಿಯನ್ನು ಮೊದಲು ನನಗೆ ಕಳಿಸು. ಕರಡು ತಿದ್ದುವುದು ನನಗೆ ಗೊತ್ತಿರುವ ಕೆಲಸ, ಹೊತ್ತೂ ಇದೆ. ಅರ್ಕಾವೊತ್ತಿನ ಪದಗಳು ಅದರಲ್ಲಿ ಕಡಿಮೆ ಇದ್ದವು ಅಂತ ನೆನಪು. ಹಳೆಯ ಲಗ್ನಪತ್ರಿಕೆಗಳಿಂದ ಒಂದಷ್ಟು ಹೆಕ್ಕಿ ಸೇರಿಸುತ್ತೇನೆ.

ಇಂತಿ,
ನಿನ್ನ ಅಪ್ಪ